ಹುಟ್ಟಿದ ಬೆಳಕು ಹೊರಬರುವ ದಾರಿ

ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದವನೊಬ್ಬ ಅರೆವಾಹಕಗಳ ಬೆಳಕನ್ನು ಕುರಿತು ಮಾತನಾಡಲು ಹೊರಟರೆ, ಇವನಿಗೇಕೆ ಈ ಇಲ್ಲದ ಉಸಾಬರಿ ಎಂದು ಶ್ರೋತೃಗಳಲ್ಲಿ ಕೆಲವರಿಗಾದರೂ ಅನ್ನಿಸಬಹುದು. ನನ್ನ ಸಮಾಧಾನ ಇಷ್ಟೇ: ಬದುಕಿನ ಬಹುಪಾಲನ್ನು ದೀಪದ ಕೆಳಗೆ ಓದುತ್ತ ಕಳೆದವನಿಗೆ, ಪುಟದ ಮೇಲೆ ಬೀಳುವ ಬೆಳಕು ಎಲ್ಲಿಂದ ಬಂದಿತೆಂದು ವಿಚಾರಿಸುವ ಅಧಿಕಾರ ಇದ್ದೇ ಇದೆ. ಕಂದೀಲು, ತಂತಿಯ ಬಲ್ಬು, ಟ್ಯೂಬ್‌ಲೈಟು, ಸುರುಳಿಯ ಸಿಎಫ್‌ಎಲ್, ಈಗ ಎಲ್‌ಇಡಿ. ನನ್ನ ತಲೆಮಾರಿನವರು ಒಂದೇ ಆಯುಸ್ಸಿನಲ್ಲಿ ಐದು ಬಗೆಯ ಬೆಳಕುಗಳಲ್ಲಿ ಓದಿದ್ದೇವೆ. ಇವುಗಳಲ್ಲಿ ಮೊದಲಿನ ಎರಡು ಉರಿಯಿಂದಲೋ ಕಾವಿನಿಂದಲೋ ಬೆಳಗುವಂಥವು; ನಡುವಿನ ಎರಡು ಅನಿಲದ ಹಂಗಿನವು. ಕೊನೆಯದು ಮಾತ್ರ ಬೇರೆ ಜಾತಿಯದು. ಅದು ಉರಿಯುವುದಿಲ್ಲ, ಅದರಲ್ಲಿ ಒಂದು ಹರಳು ತಾನೇ ಬೆಳಗುತ್ತದೆ.

ನಮ್ಮ ಹಳೆಯ ಕಾವ್ಯಗಳ ಅರಮನೆಗಳಲ್ಲಿ ರತ್ನದೀಪಗಳಿಗೆ ಬರವಿಲ್ಲ. ಎಣ್ಣೆ ಬೇಡ, ಬತ್ತಿ ಬೇಡ, ಗಾಳಿಗೆ ನಂದುವ ಭಯವಿಲ್ಲ. ತರಗತಿಯಲ್ಲಿ ಇದನ್ನು ಕವಿಸಮಯವೆಂದು ವಿವರಿಸುವುದು ವಾಡಿಕೆ. ಇಂದು ಆ ರತ್ನದೀಪ ದಿನಸಿ ಅಂಗಡಿಯಲ್ಲಿ ಸೋಪಿನ ಪಕ್ಕದಲ್ಲಿ ಮಾರಾಟಕ್ಕಿದೆ. ಅದು ಅರಮನೆಯಿಂದ ದಿನಸಿ ಅಂಗಡಿಗೆ ಬಂದ ದಾರಿ ದೀರ್ಘವಾದದ್ದು. ಆ ದಾರಿಯಲ್ಲಿ ಎದುರಾದ ತೊಡಕುಗಳಂತೂ ನಾವು ಊಹಿಸುವ ಬಗೆಯವಲ್ಲ. ಬೆಳಕನ್ನು ಹುಟ್ಟಿಸುವುದು ಕಷ್ಟವೆಂದು ನಾವು ತಿಳಿಯುತ್ತೇವೆ. ಹರಳಿನ ವಿಷಯದಲ್ಲಿ ಬೆಳಕು ಬಹುಬೇಗ ಹುಟ್ಟಿತು. ಅದು ಕಾವಾಗಿ ಕರಗಿಹೋಗದಂತೆ ನೋಡಿಕೊಂಡು ಹೊರಗೆ ತರುವುದಕ್ಕೆ ಒಂದು ಶತಮಾನ ಬೇಕಾಯಿತು.

ಈ ಮಾತನ್ನು ನಾನು ಬಾನುಲಿಯಲ್ಲಿ ಆಡುತ್ತಿರುವುದು ಒಂದು ರೀತಿಯಲ್ಲಿ ಉಚಿತವಾಗಿಯೇ ಇದೆ. ಏಕೆಂದರೆ ಹರಳಿನ ಬೆಳಕನ್ನು ಮೊದಲು ಕಂಡವರು ದೀಪ ಮಾಡುವವರಲ್ಲ, ರೇಡಿಯೋದವರು. ವಾಲ್ವುಗಳು ಬಳಕೆಗೆ ಬರುವ ಮೊದಲು ರೇಡಿಯೋ ಅಲೆಗಳನ್ನು ಗುರುತಿಸಲು ಹರಳಿನ ಮೇಲೆ ಲೋಹದ ಮೊನೆಯೊಂದನ್ನು ಊರುತ್ತಿದ್ದರು. ಮಾರ್ಕೋನಿಯ ಸಹಾಯಕರಾಗಿದ್ದ ಎಚ್. ಜೆ. ರೌಂಡ್ ಎಂಬ ಇಂಗ್ಲೆಂಡಿನ ಎಂಜಿನಿಯರು ಇಂಥದೇ ಕೆಲಸದಲ್ಲಿದ್ದಾಗ ಸಾಣೆಕಲ್ಲಿಗೆ ಬಳಸುವ ಕಾರ್ಬೊರಂಡಮ್ಮಿನ ಹರಳು ಹತ್ತು ವೋಲ್ಟಿನ ವಿದ್ಯುತ್ತಿಗೆ ಹಳದಿಯಾಗಿ ಮಿನುಗಿದ್ದನ್ನು ಕಂಡರು. 1907ರಲ್ಲಿ ಪತ್ರಿಕೆಯೊಂದಕ್ಕೆ ನಾಲ್ಕಾರು ಸಾಲಿನ ಟಿಪ್ಪಣಿ ಬರೆದು, ತಮ್ಮ ಕೆಲಸಕ್ಕೆ ಹಿಂದಿರುಗಿದರು.

ಆ ಬೆಳಕನ್ನು ಬಿಡದೆ ಹಿಂಬಾಲಿಸಿದವನು ಒಲೆಗ್ ಲೋಸೆವ್ ಎಂಬ ರಷ್ಯದ ತರುಣ. 1903ರಲ್ಲಿ ಹುಟ್ಟಿದ ಆತ ನಿಜ್ನಿ ನವ್ಗೊರೊದಿನ ರೇಡಿಯೋ ಪ್ರಯೋಗಾಲಯದಲ್ಲಿ ಸಾಮಾನ್ಯ ತಂತ್ರಜ್ಞನಾಗಿದ್ದ. ಈ ಬೆಳಕು ಹರಳು ಕಾದದ್ದರಿಂದ ಬಂದುದೋ ಅಲ್ಲವೋ ಎಂಬ ಪ್ರಶ್ನೆಗೆ ಆತ ಹೂಡಿದ ಪರೀಕ್ಷೆ ನನಗೆ ಬಹಳ ಮೆಚ್ಚಿಕೆಯದು. ಹೊಳೆಯುವ ಹರಳಿನ ಮೈಮೇಲೆ ಬೇಗ ಆವಿಯಾಗುವ ಬೆಂಜೀನಿನ ಒಂದು ಹನಿ ಹಾಕಿದ. ಹರಳು ಬೆಳಗಿದರೂ ಹನಿ ಆರುವ ವೇಗ ಹೆಚ್ಚಲಿಲ್ಲ. ಅಂದಮೇಲೆ ಇದು ತಣ್ಣನೆಯ ಬೆಳಕು. ಇಷ್ಟು ಬಡ ಸಾಧನದಿಂದ ಇಷ್ಟು ದೊಡ್ಡ ತೀರ್ಮಾನ! ಆ ಬೆಳಕಿನಿಂದ ಸಂದೇಶ ಕಳಿಸಬಹುದೆಂದು 1927ರಷ್ಟು ಹಿಂದೆಯೇ ಆತ ಹಕ್ಕುಸ್ವಾಮ್ಯಕ್ಕೆ ಅರ್ಜಿ ಹಾಕಿದ್ದ. 1942ರಲ್ಲಿ, ಲೆನಿನ್‌ಗ್ರಾಡಿನ ಮುತ್ತಿಗೆಯ ಕಾಲದಲ್ಲಿ, ಮೂವತ್ತೆಂಟನೆಯ ವಯಸ್ಸಿಗೆ ಹಸಿವಿನಿಂದ ಸತ್ತ. ಆ ಊರಿನ ಹೆಸರನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಈ ಕಥೆ ಮತ್ತೊಮ್ಮೆ ಅಲ್ಲಿಗೆ ಹೋಗಲಿದೆ.

ಹರಳಿನಲ್ಲಿ ನಡೆಯುವುದೇನು? ಅರೆವಾಹಕದ ಒಂದು ಭಾಗದಲ್ಲಿ ಎಲೆಕ್ಟ್ರಾನುಗಳು ಮಿಕ್ಕಿರುವಂತೆಯೂ ಇನ್ನೊಂದರಲ್ಲಿ ಅವು ಕೊರತೆಯಾಗಿ ಖಾಲಿ ತಾವುಗಳು ಉಳಿಯುವಂತೆಯೂ ಮಾಡಬಹುದು. ಈ ಖಾಲಿ ತಾವನ್ನು ರಂಧ್ರವೆನ್ನುತ್ತಾರೆ. ವಿದ್ಯುತ್ ಹರಿಸಿದಾಗ ಎಲೆಕ್ಟ್ರಾನು ಮೇಲಿನ ನೆಲೆಯಿಂದ ರಂಧ್ರಕ್ಕೆ ಧುಮುಕುತ್ತದೆ. ಧುಮುಕಿದ ಎತ್ತರವೇ ಬೆಳಕಿನ ಬಣ್ಣ. ಎತ್ತರ ಕಡಿಮೆಯಾದರೆ ಕಣ್ಣಿಗೆ ಕಾಣದ ಅವಕೆಂಪು, ಇನ್ನಷ್ಟಾದರೆ ಕೆಂಪು, ಬಹಳವಾದರೆ ನೀಲಿ. ಎಲ್ಲ ಅರೆವಾಹಕಗಳೂ ಇದಕ್ಕೆ ಒದಗುವುದಿಲ್ಲ. ನಮ್ಮ ಕಂಪ್ಯೂಟರುಗಳ ಆಧಾರವಾದ ಸಿಲಿಕನ್ನಿನಲ್ಲಿ ಧುಮುಕಿದ ಶಕ್ತಿಯೆಲ್ಲ ಬಹುಮಟ್ಟಿಗೆ ಕಾವಾಗಿ ಹೋಗುತ್ತದೆ. ಬೆಳಕು ಬೇಕೆಂದರೆ ಗ್ಯಾಲಿಯಂ ಆರ್ಸೆನೈಡಿನಂಥ ಸಂಯುಕ್ತಗಳ ಮೊರೆಹೋಗಬೇಕು.

1962ರ ಶರತ್ಕಾಲ ಈ ವಿದ್ಯೆಗೆ ಸುಗ್ಗಿಯ ಕಾಲ. ಅಮೆರಿಕದ ಸ್ಕೆನೆಕ್ಟಡಿಯಲ್ಲಿ ರಾಬರ್ಟ್ ಹಾಲ್ ಅವರು ಗ್ಯಾಲಿಯಂ ಆರ್ಸೆನೈಡಿನಿಂದ ಮೊದಲ ಅರೆವಾಹಕ ಲೇಸರನ್ನು ಸಾಧಿಸಿದರು. ಅದೇ ಸಂಸ್ಥೆಯ ಸಿರಕ್ಯೂಸ್ ಪ್ರಯೋಗಾಲಯದಲ್ಲಿ ನಿಕ್ ಹೊಲೊನ್ಯಾಕ್ ಅವರು ಗ್ಯಾಲಿಯಂ ಆರ್ಸೆನೈಡಿಗೆ ರಂಜಕವನ್ನು ಬೆರೆಸಿ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಹೊರಡಿಸಿದರು. ಮುಂದೆ ಎಪ್ಪತ್ತರ ದಶಕದ ಕ್ಯಾಲ್ಕುಲೇಟರುಗಳಲ್ಲಿ, ಕೈಗಡಿಯಾರಗಳಲ್ಲಿ ಮಿನುಗಿದ ಕೆಂಪು ಅಂಕಿಗಳು ಈ ವಂಶದವು.

ಎಲ್‌ಇಡಿಗೂ ಲೇಸರಿಗೂ ಇರುವ ಭೇದವನ್ನು ಹೀಗೆ ಹೇಳಬಹುದು. ಎಲ್‌ಇಡಿಯಲ್ಲಿ ಪ್ರತಿಯೊಂದು ಎಲೆಕ್ಟ್ರಾನೂ ತನಗೆ ತೋಚಿದಾಗ, ತೋಚಿದ ದಿಕ್ಕಿಗೆ ಬೆಳಕನ್ನು ಬಿಡುತ್ತದೆ. ಅದು ಸಂತೆಯ ಸದ್ದು. ಲೇಸರಿನಲ್ಲಿ ಮೊದಲು ಹುಟ್ಟಿದ ಬೆಳಕು ಎದುರುಬದುರಿನ ಕನ್ನಡಿಗಳ ನಡುವೆ ಹೋಗಿಬಂದು, ಉಳಿದವುಗಳನ್ನೂ ತನ್ನದೇ ಶ್ರುತಿಗೆ ಎಳೆದುಕೊಳ್ಳುತ್ತದೆ, ಅದು ವೃಂದಗಾನ. ವಿದ್ಯುತ್ತು ಒಂದು ಮಟ್ಟವನ್ನು ಮುಟ್ಟುವ ತನಕ ಲೇಸರು ಬರಿಯ ಎಲ್‌ಇಡಿಯಂತೆ ಮಂಕಾಗಿರುತ್ತದೆ, ಮಟ್ಟ ದಾಟಿದೊಡನೆ ಪ್ರಖರವಾಗುತ್ತದೆ. ಆ ಮಟ್ಟವನ್ನು ಹೊಸ್ತಿಲು ಎಂದು ಕರೆಯುವುದು ನನಗೆ ಸರಿಯೆನ್ನಿಸುತ್ತದೆ. ನಮ್ಮಲ್ಲಿ ದೀಪವನ್ನಿಡುವುದೂ ಹೊಸ್ತಿಲಿನ ಮೇಲೆಯೇ ಅಲ್ಲವೆ? ಲೇಸರು ಮಾಡುವವರ ಪಾಡೆಲ್ಲ ಈ ಹೊಸ್ತಿಲನ್ನು ತಗ್ಗಿಸುವುದೇ.

ಈಗ ನಾನು ಮೊದಲೇ ಹೇಳಿದ ತೊಡಕಿಗೆ ಬರೋಣ. ಬಾವಿಯಲ್ಲಿ ಈಜು ಕಲಿತವರಿಗೆ ಇದು ಅನುಭವದ ಮಾತು. ಮುಳುಗಿ, ಕಣ್ಣು ತೆರೆದು ಮೇಲೆ ನೋಡಿದರೆ, ನೆತ್ತಿಯ ನೇರಕ್ಕೆ ದುಂಡನೆಯ ಕಿಟಕಿಯೊಂದರಲ್ಲಿ ಮಾತ್ರ ಹೊರಗಿನ ಲೋಕ. ಅದರಾಚೆಗೆ ನೀರಿನ ಮೈಯೇ ಕನ್ನಡಿ. ನೀರಿನೊಳಗಿನ ಬೆಳಕು ಹೆಚ್ಚು ಓರೆಯಾಗಿ ಬಂದರೆ ಹೊರಗೆ ಹೋಗಲಾರದೆ ಹಿಂದಿರುಗುತ್ತದೆ. ನೀರಿನಲ್ಲಿ ಈ ಕಿಟಕಿ ನೆತ್ತಿಯ ನೇರದಿಂದ ಸುಮಾರು 49 ಡಿಗ್ರಿಯವರೆಗೆ ತೆರೆದಿದೆ. ಗ್ಯಾಲಿಯಂ ಆರ್ಸೆನೈಡ್ ಬೆಳಕನ್ನು ನೀರಿಗಿಂತ ಬಹಳ ಹೆಚ್ಚಾಗಿ ಬಾಗಿಸುವ ವಸ್ತು. ಅಲ್ಲಿ ಕಿಟಕಿ ಸುಮಾರು 17 ಡಿಗ್ರಿಯಷ್ಟೇ. ಲೆಕ್ಕ ಹಾಕಿದರೆ, ಚಪ್ಪಟೆ ಹರಳಿನ ಮೇಲ್ಮೈಯಿಂದ ಹೊರಬರುವ ಬೆಳಕು ಒಳಗೆ ಹುಟ್ಟಿದ್ದರಲ್ಲಿ ನೂರಕ್ಕೆ ಎರಡು ಪಾಲು! ಉಳಿದದ್ದು ಒಳಗೊಳಗೇ ಗೋಡೆಯಿಂದ ಗೋಡೆಗೆ ಬಡಿದು ಕೊನೆಗೆ ಕಾವಾಗಿ ಮಡಿಯುತ್ತದೆ.

ಎಲ್‌ಇಡಿಯ ವಿನ್ಯಾಸದ ಬಹುಭಾಗ ಈ ಸೆರೆಮನೆಯ ಗೋಡೆ ಒಡೆಯುವ ಕಥೆ. ಮೊದಲು ಹರಳಿನ ಮೇಲೆ ಗುಮ್ಮಟದಾಕಾರದ ಪಾರಕ ರಾಳವನ್ನು ಮುಚ್ಚಿದರು. ಹರಳಿಗೂ ಗಾಳಿಗೂ ನಡುವಿನ ಅಂತರವನ್ನು ಅದು ಸ್ವಲ್ಪ ತಗ್ಗಿಸಿ, ಹೊರಬರುವ ಬೆಳಕನ್ನು ಎರಡು ಪಟ್ಟಿಗೂ ಮಿಗಿಲಾಗಿಸಿತು. ಸಾಮಾನುಗಳ ಮೇಲೆ ನಾವು ಕಾಣುವ ಪುಟ್ಟ ಕೆಂಪು ದೀಪಗಳಿಗೆ ದುಂಡುತಲೆ ಬಂದದ್ದು ಅಂದಕ್ಕಲ್ಲ. 1999ರಲ್ಲಿ ಹರಳನ್ನೇ ತಲೆಕೆಳಗಾದ ಮೊಂಡು ಪಿರಮಿಡ್ಡಿನಂತೆ ಕತ್ತರಿಸಿದವರು ಕೆಂಪು ಬೆಳಕಿನಲ್ಲಿ ಅರ್ಧಕ್ಕೂ ಹೆಚ್ಚನ್ನು ಹೊರತಂದರು. ಇನ್ನು ಕೆಲವರು ಹರಳಿನ ನುಣುಪು ಮೈಯನ್ನೇ ಕೊರೆದು ತರಿತರಿ ಮಾಡಿದರು. ಒಂದು ಸಲ ತಪ್ಪಿದ ಬೆಳಕು ಮರುಸಲ ಬೇರೆ ಕೋನದಲ್ಲಿ ಬಡಿದು ಪಾರಾಗಲಿ ಎಂದು. ನುಣುಪೇ ಗುಣವೆಂದು ನಂಬಿದ ಶಿಲ್ಪಿಗಳಿಗೆ ಒರಟೇ ಉಪಕಾರಿಯಾಯಿತು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಎಲ್‌ಇಡಿಗೆ ಶಾಪವಾದ ಈ ಗುಣವೇ ಲೇಸರಿಗೆ ವರ. ಬೆಳಕು ನೇರವಾಗಿ ಬಡಿದಾಗಲೂ ಹರಳಿನ ಅಂಚು ಅದರಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಒಳಕ್ಕೆ ಹಿಂದಿರುಗಿಸುತ್ತದೆ. ಆದ್ದರಿಂದ ಲೇಸರಿಗೆ ಬೇರೆ ಕನ್ನಡಿ ಬೇಕಿಲ್ಲ. ಹರಳನ್ನು ಅದರ ಸಹಜವಾದ ಸೀಳಿನ ಗುಂಟ ಒಡೆದರೆ ಸಾಕು, ಎದುರುಬದುರಿನ ಎರಡು ಮುಖಗಳು ಕನ್ನಡಿಗಳಾಗುತ್ತವೆ.

ಆದರೆ 1962ರ ಲೇಸರನ್ನು ಬೆಳಗಿಸಲು ದ್ರವ ಸಾರಜನಕದಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಮುಳುಗಿಸಿಡಬೇಕಿತ್ತು. ಅದೂ ಕ್ಷಣಕ್ಷಣದ ಮಿಡಿತವಾಗಿ. ಕೋಣೆಯ ಬಿಸುಪಿನಲ್ಲಿ ಅದರ ಹೊಸ್ತಿಲು ಚದರ ಸೆಂಟಿಮೀಟರಿಗೆ ಹತ್ತಾರು ಸಾವಿರ ಆಂಪಿಯರಿಗೆ ಏರುತ್ತಿತ್ತು. ಕಾರಣ ಸರಳ: ಎಲೆಕ್ಟ್ರಾನುಗಳು ಒಂದೆಡೆ ನಿಲ್ಲದೆ ಹರಡಿಹೋಗುತ್ತಿದ್ದವು, ಬೆಳಕೂ ಹರಡಿಹೋಗುತ್ತಿತ್ತು. ಬದುವಿಲ್ಲದ ಗದ್ದೆಗೆ ಎಷ್ಟು ನೀರು ಬಿಟ್ಟರೇನು? 1963ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಹರ್ಬರ್ಟ್ ಕ್ರೋಮರ್ ಅವರು ಇದಕ್ಕೆ ಬದು ಹಾಕುವ ಉಪಾಯವನ್ನು ಸೂಚಿಸಿದರು. ನಡುವೆ ಒಂದು ವಸ್ತುವಿನ ತೆಳುಪದರ, ಎರಡು ಕಡೆಯೂ ಬೇರೊಂದು ವಸ್ತು. ಎಲೆಕ್ಟ್ರಾನುಗಳೂ ರಂಧ್ರಗಳೂ ನಡುಪದರದಲ್ಲಿ ಸಿಕ್ಕಿಬೀಳುತ್ತವೆ, ಬೆಳಕೂ ಅಲ್ಲಿಯೇ ಕಾಲುವೆಯಂತೆ ಹರಿಯುತ್ತದೆ. ಅವರ ಲೇಖನವನ್ನು ಮೊದಲು ಕಳಿಸಿದ ಪತ್ರಿಕೆ ತಿರಸ್ಕರಿಸಿತು. ಅವರು ಕೆಲಸದಲ್ಲಿದ್ದ ಸಂಸ್ಥೆ, ಇಂಥ ಲೇಸರಿನಿಂದ ವ್ಯಾವಹಾರಿಕ ಪ್ರಯೋಜನ ಇರಲಾರದೆಂದು ಹೇಳಿ ಪ್ರಯೋಗಕ್ಕೆ ಹಣ ಕೊಡಲಿಲ್ಲ. ಅದೇ ವರ್ಷ, ಇವರ ಅರಿವಿಲ್ಲದೆ, ಅದೇ ಕಲ್ಪನೆಯನ್ನು ಮುಂದಿಟ್ಟವರು ಸೋವಿಯತ್ ದೇಶದ ಝೊರೆಸ್ ಅಲ್ಫೆರೊವ್ ಮತ್ತು ರುಡಾಲ್ಫ್ ಕಜಾರಿನೊವ್.

ಎರಡು ವಸ್ತುಗಳನ್ನು ಅಣುವಿಗೆ ಅಣು ಹೊಂದುವಂತೆ ಬೆಸೆಯುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಗ್ಯಾಲಿಯಂ ಆರ್ಸೆನೈಡಿಗೆ ಅಲ್ಯುಮಿನಿಯಂ ಬೆರೆತ ಅದರ ಸೋದರವಸ್ತುವೇ ಸರಿಹೊಂದುವ ಜೋಡಿ ಎಂದು ತಿಳಿಯುವುದಕ್ಕೇ ಕೆಲವು ವರ್ಷಗಳು ಹಿಡಿದವು. 1970ರಲ್ಲಿ ಅಲ್ಫೆರೊವ್ ಅವರ ತಂಡ ಕೋಣೆಯ ಬಿಸುಪಿನಲ್ಲಿ ಎಡೆಬಿಡದೆ ಬೆಳಗುವ ಲೇಸರನ್ನು ಸಾಧಿಸಿತು. ಹೊಸ್ತಿಲು ಚದರ ಸೆಂಟಿಮೀಟರಿಗೆ ಸಾವಿರ ಆಂಪಿಯರಿನ ಸುತ್ತಮುತ್ತಲಿಗೆ ಇಳಿದಿತ್ತು. ಊರು ಯಾವುದು? ಲೋಸೆವ್ ಹಸಿದು ಸತ್ತ ಲೆನಿನ್‌ಗ್ರಾಡ್. ಕೆಲವೇ ವಾರಗಳ ಅಂತರದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್ ಅದನ್ನೇ ಸಾಧಿಸಿದರು. ಮೊದಮೊದಲ ಲೇಸರುಗಳು ಅಲ್ಪಾಯುಗಳು. ಬೆಳಗುತ್ತ ಬೆಳಗುತ್ತಲೇ ಹರಳಿನೊಳಗೆ ಕಪ್ಪುಗೆರೆಗಳು ಹಬ್ಬಿ ನಂದಿಹೋಗುತ್ತಿದ್ದವು. ಹರಳಿನ ನೆಯ್ಗೆಯಲ್ಲಿ ಒಂದೆಳೆ ತಪ್ಪಿದ್ದರೂ ಸಾಕು, ಆ ತಪ್ಪು ಬೆಳೆಯುತ್ತ ಹೋಗುತ್ತಿತ್ತು. ಅದನ್ನು ಗೆದ್ದ ಮೇಲೆಯೇ ಲೇಸರು ಸಂಗೀತದ ಸಿಡಿಗೂ, ಕಡಲ ತಳದ ಗಾಜಿನ ಎಳೆಗೂ ಹೋದದ್ದು. ದೂರದೇಶದಲ್ಲಿರುವ ಮಕ್ಕಳೊಡನೆ ನಾವು ಆಡುವ ಮಾತಿನ ಹೆಚ್ಚಿನ ದಾರಿ ಇಂಥ ಲೇಸರುಗಳ ಬೆಳಕಿನಲ್ಲಿಯೇ ಸಾಗುತ್ತದೆ. ಅಲ್ಫೆರೊವ್, ಕ್ರೋಮರ್ ಇಬ್ಬರಿಗೂ 2000ದಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು.

ಕೆಂಪು ಬಂತು, ಹಸಿರೂ ಒಂದಿಷ್ಟು ಬಂತು, ನೀಲಿ ಬರಲಿಲ್ಲ. ನೀಲಿಯಿಲ್ಲದೆ ಬಿಳಿಯಿಲ್ಲ, ಬಿಳಿಯಿಲ್ಲದೆ ಓದುವ ದೀಪವಿಲ್ಲ. ನೀಲಿಗೆ ತಕ್ಕ ವಸ್ತು ಗ್ಯಾಲಿಯಂ ನೈಟ್ರೈಡ್ ಎಂದು ಬಲ್ಲವರಿದ್ದರು. ಅಮೆರಿಕದ ಆರ್‌ಸಿಎ ಸಂಸ್ಥೆಯ ಹರ್ಬರ್ಟ್ ಮಾರುಸ್ಕಾ ಎಂಬುವರು 1972ರಲ್ಲಿ ಮೆಗ್ನೀಸಿಯಂ ಬೆರೆಸಿದ ಗ್ಯಾಲಿಯಂ ನೈಟ್ರೈಡಿನಿಂದ ನೇರಳೆ ಬೆಳಕನ್ನು ತೆಗೆದರು. ಸಂಸ್ಥೆ ಕೆಲವೇ ಕಾಲದಲ್ಲಿ ಆ ಕೆಲಸವನ್ನು ನಿಲ್ಲಿಸಿಬಿಟ್ಟಿತು. ತೊಡಕುಗಳು ಎರಡು. ಈ ವಸ್ತುವನ್ನು ಬೆಳೆಸಬೇಕಾದದ್ದು ನೀಲಮಣಿಯ ಬಿಲ್ಲೆಯ ಮೇಲೆ. ಎರಡರ ಅಣುಗಳ ಅಂತರದಲ್ಲಿ ನೂರಕ್ಕೆ ಹದಿನಾರರಷ್ಟು ವ್ಯತ್ಯಾಸ. ಎರಡನೆಯದು, ಅದರಲ್ಲಿ ರಂಧ್ರಗಳು ಮಿಕ್ಕಿರುವ ಭಾಗವನ್ನು ಮಾಡಲು ಯಾರಿಂದಲೂ ಆಗಲಿಲ್ಲ. ಜಗತ್ತಿನ ಹೆಚ್ಚಿನ ಪ್ರಯೋಗಾಲಯಗಳು ಸಿಂಕ್ ಸೆಲೆನೈಡಿನ ಕಡೆಗೆ ತಿರುಗಿದವು.

ತಿರುಗದೆ ಉಳಿದವರು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಇಸಾಮು ಅಕಸಾಕಿ ಮತ್ತು ಅವರ ಶಿಷ್ಯ ಹಿರೋಶಿ ಅಮಾನೊ. 1986ರ ಹೊತ್ತಿಗೆ ಅವರು ನೀಲಮಣಿಯ ಮೇಲೆ ಮೊದಲು ಅಲ್ಯುಮಿನಿಯಂ ನೈಟ್ರೈಡಿನ ತೆಳುಪದರವನ್ನು ಕಡಿಮೆ ಕಾವಿನಲ್ಲಿ ಹಾಸಿ, ಅದರ ಮೇಲೆ ಗ್ಯಾಲಿಯಂ ನೈಟ್ರೈಡನ್ನು ಬೆಳೆಸುವುದನ್ನು ಕಲಿತರು. ಪರಸ್ಪರ ಒಗ್ಗದ ಇಬ್ಬರ ನಡುವೆ ಮಧ್ಯಸ್ಥನನ್ನು ಕೂರಿಸಿದಂತೆ. 1989ರಲ್ಲಿ, ಮೆಗ್ನೀಸಿಯಂ ಬೆರೆಸಿದ ಹರಳಿನ ಮೇಲೆ ಎಲೆಕ್ಟ್ರಾನುಗಳ ಕಿರಣವನ್ನು ಹಾಯಿಸಿದಾಗ ಅದರ ಗುಣ ಬದಲಾಗಿ, ಯಾರಿಗೂ ಸಿಗದಿದ್ದ ರಂಧ್ರಗಳು ಸಿಕ್ಕವು.

ಏಕೆ ಸಿಕ್ಕವೆಂಬುದನ್ನು ಬಿಡಿಸಿದವರು ಶುಜಿ ನಕಾಮುರಾ. ಶಿಕೊಕು ದ್ವೀಪದ ಅನಾನ್ ಎಂಬ ಸಣ್ಣ ಊರಿನಲ್ಲಿ, ಟ್ಯೂಬ್‌ಲೈಟಿಗೂ ಟೆಲಿವಿಷನ್ನಿಗೂ ಬೇಕಾದ ಹೊಳಪಿನ ಪುಡಿಯನ್ನು ತಯಾರಿಸುತ್ತಿದ್ದ ನಿಚಿಯಾ ಎಂಬ ಕಾರ್ಖಾನೆಯ ನೌಕರ; ಆಗ ಡಾಕ್ಟರೇಟೂ ಇರಲಿಲ್ಲ. ಹರಳನ್ನು ಬೆಳೆಸಲು ಬಳಸುವ ಅಮೋನಿಯದಿಂದ ಜಲಜನಕ ಬಂದು ಮೆಗ್ನೀಸಿಯಮ್ಮನ್ನು ಅಪ್ಪಿ ಹಿಡಿದು ನಿಷ್ಕ್ರಿಯಗೊಳಿಸುತ್ತದೆ; ಹರಳನ್ನು ಸಾರಜನಕದಲ್ಲಿ 700 ಡಿಗ್ರಿಗೆ ಮೇಲ್ಪಟ್ಟು ಕಾಯಿಸಿದರೆ ಆ ಹಿಡಿತ ಬಿಡುತ್ತದೆ. 1992ರಲ್ಲಿ ಅವರು ಇದನ್ನು ತೋರಿಸಿದರು. ಇಪ್ಪತ್ತು ವರ್ಷ ಜಗತ್ತನ್ನು ತಡೆದು ನಿಲ್ಲಿಸಿದ ಬಾಗಿಲಿಗೆ ಚಿಲಕವೊಂದೇ ಹಾಕಿತ್ತು. ಒಂದಿಷ್ಟು ಕಾಯಿಸಿದ್ದರೆ ತೆರೆಯುತ್ತಿತ್ತು. 1993ರಲ್ಲಿ ನಿಚಿಯಾದ ಉಜ್ಜ್ವಲವಾದ ನೀಲಿ ಎಲ್‌ಇಡಿ ಹೊರಬಂತು, ಮೂರೇ ವರ್ಷಗಳಲ್ಲಿ ಬಿಳಿಯದೂ ಬಂತು. ವಿಚಿತ್ರವೆಂದರೆ, ಈ ಹರಳಿನಲ್ಲಿ ಚದರ ಸೆಂಟಿಮೀಟರಿಗೆ ನೂರು ಕೋಟಿಗೂ ಮಿಗಿಲಾಗಿ ತಪ್ಪಿದ ಎಳೆಗಳಿದ್ದವು. ಗ್ಯಾಲಿಯಂ ಆರ್ಸೆನೈಡಾಗಿದ್ದರೆ ಅದರ ಅತ್ಯಲ್ಪ ಭಾಗಕ್ಕೇ ನಂದಿಹೋಗುತ್ತಿತ್ತು. ಬೆಳಕಿನ ಪದರದಲ್ಲಿ ಬೆರೆತ ಇಂಡಿಯಂ ಎಲೆಕ್ಟ್ರಾನುಗಳನ್ನು, ಅವು ತಪ್ಪಿದ ಎಳೆಯನ್ನು ಮುಟ್ಟುವ ಮೊದಲೇ, ಅಲ್ಲಲ್ಲೇ ತಡೆದು ಹಿಡಿಯುತ್ತದೆ ಎಂಬುದು ಇದಕ್ಕೆ ಹೆಚ್ಚಾಗಿ ಕೊಡುವ ವಿವರಣೆ.

ಈ ಶೋಧಕ್ಕೆ ನಕಾಮುರಾ ಅವರಿಗೆ ಸಂದ ಬಹುಮಾನ 20,000 ಯೆನ್. ಮುಂದೆ ಅವರು ಸಂಸ್ಥೆಯನ್ನು ಬಿಟ್ಟು ಅಮೆರಿಕಕ್ಕೆ ಹೋಗಿ ದಾವೆ ಹೂಡಿದರು. 2004ರಲ್ಲಿ ಟೋಕಿಯೋದ ಜಿಲ್ಲಾ ನ್ಯಾಯಾಲಯ 2000 ಕೋಟಿ ಯೆನ್ ಕೊಡಬೇಕೆಂದು ತೀರ್ಪಿತ್ತಿತು. ಮರುವರ್ಷ ಸುಮಾರು 84 ಕೋಟಿಗೆ ರಾಜಿಯಾಯಿತು. ಕೂಲಿಯ ನ್ಯಾಯ ಎಷ್ಟು ಎಂದು ತೂಗುವುದು ಸುಲಭವಲ್ಲ. ಇಪ್ಪತ್ತು ಸಾವಿರ ಅಪಮಾನವೇ ಸರಿ. ಆದರೆ ಡಾಕ್ಟರೇಟಿಲ್ಲದ ನೌಕರನನ್ನು ನಂಬಿ, ದೊಡ್ಡ ದೊಡ್ಡ ಪ್ರಯೋಗಾಲಯಗಳು ಕೈಬಿಟ್ಟ ವಸ್ತುವಿನ ಮೇಲೆ ಕೋಟಿಗಟ್ಟಲೆ ಹಣ ಸುರಿದ ಮುದುಕ ಯಜಮಾನ ನೊಬುವೊ ಒಗಾವಾ ಅವರನ್ನೂ ನಾನು ಮರೆಯಲಾರೆ. 2014ರ ನೊಬೆಲ್ ಅಕಸಾಕಿ, ಅಮಾನೊ, ನಕಾಮುರಾ ಮೂವರಿಗೆ ಬಂತು. ಕೆಂಪಿನ ಹೊಲೊನ್ಯಾಕ್ ಅವರು ಆಗ ಬದುಕಿದ್ದರು, ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ಹೇಳಿದರು. 2022ರಲ್ಲಿ ತೀರಿಕೊಂಡರು. ಮಾರುಸ್ಕಾ ಅವರ ಹೆಸರನ್ನಂತೂ ಈ ಕ್ಷೇತ್ರದ ಹೊರಗೆ ಕೇಳಿದವರು ವಿರಳ.

ಈಗ ನಮ್ಮ ಮನೆಯ ಬಲ್ಬಿನ ಮಾತು. ನಮ್ಮ ರಾಜ್ಯದಲ್ಲಿ 2015ರ ಕೊನೆಯಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನ ಯೋಜನೆಯಲ್ಲಿ 9 ವ್ಯಾಟಿನ ಬಲ್ಬುಗಳನ್ನು ಅಗ್ಗದ ದರಕ್ಕೆ ಹಂಚತೊಡಗಿದ್ದು ಹಲವರಿಗೆ ನೆನಪಿರಬಹುದು. ಆ ಬಿಳಿ ಬೆಳಕು ನಿಜಕ್ಕೂ ವೇಷ ಹಾಕಿದ ನೀಲಿ. ನೀಲಿ ಹರಳಿನ ಮೇಲೆ ಹಳದಿ ಹೊಳಪಿನ ಪುಡಿಯ ಲೇಪ. ಪುಡಿ ನೀಲಿಯ ಒಂದು ಪಾಲನ್ನು ನುಂಗಿ ಹಳದಿಯಾಗಿ ಉಗುಳುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿ. ಲೇಪ ತೆಳುವಾದರೆ ಆಸ್ಪತ್ರೆಯ ಬಿಳುಪು, ದಪ್ಪವಾಗಿ ಕೆಂಪನ್ನೂ ಬೆರೆಸಿದರೆ ಸಂಜೆಯ ಹೊಂಬಣ್ಣ.

ಇಲ್ಲಿಯೂ ಹಳೆಯ ತೊಡಕು ಬೆನ್ನು ಬಿಟ್ಟಿಲ್ಲ. ನೀಲಿ ಹರಳಿಗೆ ಕಡಿಮೆ ವಿದ್ಯುತ್ ಹರಿಸಿದಾಗ ಅದು ಮಿತವ್ಯಯಿ. ಹೆಚ್ಚು ಹರಿಸಿದಂತೆಲ್ಲ ಅದರ ದಕ್ಷತೆ ಕುಸಿಯುತ್ತದೆ. ಇಕ್ಕಟ್ಟಿನಲ್ಲಿ ಎಲೆಕ್ಟ್ರಾನು ತನ್ನ ಶಕ್ತಿಯನ್ನು ಬೆಳಕಾಗಿ ಬಿಡುವ ಬದಲು ಪಕ್ಕದ ಇನ್ನೊಂದಕ್ಕೆ ದಾಟಿಸಿಬಿಡುತ್ತದೆ, ಕೊನೆಗೆ ಅದು ಕಾವಾಗುತ್ತದೆ ಎಂದು ಬಹುಮಂದಿ ವಿಜ್ಞಾನಿಗಳ ಮತ. ಆದ್ದರಿಂದ ಒಳ್ಳೆಯ ತಯಾರಕ ಹೆಚ್ಚು ಹರಳುಗಳನ್ನಿಟ್ಟು ಪ್ರತಿಯೊಂದಕ್ಕೂ ಕಡಿಮೆ ದುಡಿಮೆ ಕೊಡುತ್ತಾನೆ. ದುಡ್ಡು ಉಳಿಸುವವನು ಕೆಲವನ್ನೇ ಇಟ್ಟು ಎತ್ತಿನಂತೆ ದುಡಿಸುತ್ತಾನೆ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಒಬ್ಬ ವರ್ಷ ತುಂಬುವ ಮೊದಲೇ ಸತ್ತ ಬಲ್ಬಿನ ಟೋಪಿ ತೆಗೆದು ತೋರಿಸಿದ. ಹತ್ತು ಹನ್ನೆರಡು ಹಳದಿ ಚುಕ್ಕಿಗಳು. ಅವುಗಳಲ್ಲಿ ಒಂದರ ನೆತ್ತಿಯಲ್ಲಿ ಕಪ್ಪು ಬೊಟ್ಟು. “ಸಾರ್, ಇವೆಲ್ಲ ಒಂದರ ಹಿಂದೊಂದು ಸರಪಳಿ. ಒಂದು ಹೋದ್ರೆ ಎಲ್ಲಾ ಹೋದಂಗೆ” ಎಂದ. “ಉಳಿದವು ಚೆನ್ನಾಗಿವೆಯಲ್ಲಪ್ಪ?” ಎಂದೆ. “ಚೆನ್ನಾಗವೆ ಸಾರ್, ದಾರಿ ಇಲ್ಲ ಅಷ್ಟೇ.”

ತಂತಿಯ ಬಲ್ಬು ತನ್ನ ಕಾವನ್ನು ಬೆಳಕಿನೊಡನೆ ಎದುರಿಗೆ ಎಸೆದು ನಿಶ್ಚಿಂತವಾಗಿರುತ್ತಿತ್ತು. ಎಲ್‌ಇಡಿ ಹಾಗಲ್ಲ, ಅದು ನುಂಗುವ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಇನ್ನೂ ಕಾವಾಗಿಯೇ ಹೋಗುತ್ತದೆ, ಆ ಕಾವೆಲ್ಲ ಹಿಂದಿನ ಬುಡದಿಂದಲೇ ಹೊರಬೀಳಬೇಕು. ಅದನ್ನು ಅಂದದ ಮುಚ್ಚಿದ ಗಾಜಿನ ಗೋಳದೊಳಗೆ ಕೂರಿಸಿದರೆ ಹರಳಿಗಿಂತ ಮೊದಲು ಬುಡದಲ್ಲಿರುವ ವಿದ್ಯುತ್ ಮಂಡಲ ಬೆಂದುಹೋಗುತ್ತದೆ. ಇಷ್ಟೆಲ್ಲ ಆದ ಮೇಲೂ ಲೆಕ್ಕ ಅದರ ಕಡೆಗೇ ಇದೆ. ತಂತಿಯ ಬಲ್ಬು ಒಂದು ವ್ಯಾಟಿಗೆ 16 ಲುಮೆನ್ನಿನಷ್ಟು ಬೆಳಕು ಕೊಟ್ಟರೆ, ಟ್ಯೂಬ್‌ಲೈಟು 70ರ ಸಮೀಪ. 2014ರ ಹೊತ್ತಿಗೆ ಪ್ರಯೋಗಾಲಯದ ಎಲ್‌ಇಡಿ 300ನ್ನು ದಾಟಿತ್ತು.

ಮನೆಗೆ ಬಲ್ಬು ತರುವಾಗ ಡಬ್ಬಿಯ ಮೇಲೆ ವ್ಯಾಟಿನ ಜೊತೆಗೆ ಇನ್ನೊಂದು ಸಂಖ್ಯೆ ಇರುತ್ತದೆ, 2700 ಎಂದೋ 6500 ಎಂದೋ, ಮುಂದೆ ಕೆಲ್ವಿನ್ನಿನ ‘ಕೆ’. ಸಂಖ್ಯೆ ದೊಡ್ಡದಾದಷ್ಟೂ ನೀಲಿ ಹೆಚ್ಚು. ಅಂಗಡಿಯವರು ಕೇಳದೆಯೇ 6500ರದನ್ನು ಕೈಗಿಡುತ್ತಾರೆ; ಬೆಳ್ಳಗಿದ್ದರೆ ಬೆಳಕು ಜಾಸ್ತಿ ಎಂಬುದು ಅವರ ನಂಬಿಕೆ. ರಾತ್ರಿ ಹೊತ್ತಿನ ಹೆಚ್ಚು ನೀಲಿ ನಿದ್ದೆಯನ್ನು ಹಿಂದೂಡುತ್ತದೆ ಎಂದು ಶರೀರವಿಜ್ಞಾನಿಗಳು ಹೇಳುತ್ತಾರೆ. ನನ್ನ ಓದುಮೇಜಿಗೆ ನಾನು 2700ರದನ್ನೇ ಕೇಳಿ ತರಿಸಿಕೊಂಡಿದ್ದೇನೆ, ಗೋಳವಿಲ್ಲದ ತೆರೆದ ಹೋಲ್ಡರಿಗೆ ಹಾಕಿದ್ದೇನೆ. ಐದನೆಯ ವರ್ಷ ನಡೆಯುತ್ತಿದೆ, ಇನ್ನೂ ಬೆಳಗುತ್ತಿದೆ.